ಆದಾಯ ತೆರಿಗೆ: ಹೊರೆ ಯಾರ ಮೇಲೆ, ವಿನಾಯಿತಿ ಯಾರ ಪಾಲಿಗೆ?

ಬಾದಾಮಿಯಿಂದ ಸುಮಾರು ಐದು ಕಿ.ಮೀ. ದೂರದಲ್ಲಿ, ಚೊಳಚಗುಡ್ಡದ ಬಳಿ ಇರುವ ಬನಶಂಕರಿ ಉತ್ತರ ಕರ್ನಾಟಕದ ಪ್ರಮುಖ ಶಕ್ತಿಕ್ಷೇತ್ರಗಳಲ್ಲೊಂದು. ಬನದ ಹುಣ್ಣಿಮೆಯಿಂದ ಆರಂಭವಾಗುವ ಇಲ್ಲಿನ ಜಾತ್ರೆಗೆ ಬಾದಾಮಿ, ಹುನಗುಂದ, ಇಳಕಲ್ಲ, ಗುಳೇದಗುಡ್ಡ ಸೀಮೆಯ ಜನ ಸೇರುತ್ತಾರೆ. ದೇವಿಯು ದೇವಾಂಗ ನೇಕಾರರ ಕುಲದೇವತೆ. ಜಾತ್ರೆಯಲ್ಲಿ ಇಳಕಲ್ಲ ಸೀರೆ ಮಾರುವವರಿದ್ದಾರೆ, ಕೊಳ್ಳುವವರಿದ್ದಾರೆ, ಕಬ್ಬು ಬೆಳೆದ ರೈತರಿದ್ದಾರೆ, ಕೆಂಪು ಗ್ರಾನೈಟ್ ಗಣಿಯ ಒಡೆಯರಿದ್ದಾರೆ, ಅದೇ ಗಣಿಯಲ್ಲಿ ದುಡಿಯುವ ಕೂಲಿಕಾರರೂ ಇದ್ದಾರೆ. ಇವರೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಸರ್ಕಾರಕ್ಕೆ ತೆರಿಗೆ ಕೊಡುವವರೇ. ಆದರೆ ಯಾರು ಎಷ್ಟು ಕೊಡಬೇಕು ಎಂಬುದನ್ನು ನಿರ್ಧರಿಸುವಲ್ಲಿ ಇವರೆಲ್ಲರ ದನಿಗೂ ಒಂದೇ ತೂಕವಿದೆಯೇ ಎಂಬುದು ಬಹುಕಾಲದ ಪ್ರಶ್ನೆ.

ಆದಾಯ ತೆರಿಗೆಯ ನ್ಯಾಯ ಹಾಗೂ ಧನಿಕರ ರಾಜಕೀಯ ಪ್ರಭಾವ ಎಂಬ ಎರಡು ವಿಷಯಗಳನ್ನು ಸಾಮಾನ್ಯವಾಗಿ ಬೇರೆಬೇರೆಯಾಗಿ ಚರ್ಚಿಸಲಾಗುತ್ತದೆ. ಕಾನೂನಿನ ಪುಟಗಳನ್ನು ತಿರುವಿದರೆ ಇವೆರಡೂ ಒಂದೇ ಹಗ್ಗದ ಎರಡು ಎಳೆಗಳೆಂಬುದು ತಿಳಿಯುತ್ತದೆ.

ಚಾಲುಕ್ಯರ ಕಾಲದ ಒಂದು ಸಾಕ್ಷ್ಯ

ಉಳ್ಳವರು ಹೆಚ್ಚು ಕೊಡಬೇಕು, ಇಲ್ಲದವರು ಕಡಿಮೆ ಕೊಡಬೇಕು ಎಂಬ ತತ್ತ್ವ ಪಾಶ್ಚಾತ್ಯರಿಂದ ಬಂದದ್ದೆಂದು ಭಾವಿಸುವವರುಂಟು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ಪೊರಿಗೆರೆಗೆ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ, ನೀಡಿದ ಶಾಸನ ಬೇರೆಯೇ ಸಂಗತಿಯನ್ನು ಹೇಳುತ್ತದೆ. ಅದು ಅಲ್ಲಿನ ಮಹಾಜನರಿಗೆ, ನಗರದವರಿಗೆ ಹಾಗೂ ಹದಿನೆಂಟು ಪ್ರಕೃತಿಗಳಿಗೆ ಕೊಟ್ಟ 'ಆಚಾರ ವ್ಯವಸ್ಥೆ'. ಅರಸನ ಅಧಿಕಾರಿಗಳು ಏನನ್ನು ಕಾಪಾಡಬೇಕು, ಜನರು ಏನನ್ನು ಸಲ್ಲಿಸಬೇಕು ಎಂಬ ಕಟ್ಟಳೆಗಳು ಅದರಲ್ಲಿವೆ. ಮನೆತನಗಳನ್ನು ಅಂತಸ್ತಿಗೆ ಅನುಗುಣವಾಗಿ ಹಲವು ದರ್ಜೆಗಳಾಗಿ ವಿಂಗಡಿಸಿ, ಮೇಲಿನವರಿಗೆ ಹೆಚ್ಚು, ಕೆಳಗಿನವರಿಗೆ ಕಡಿಮೆ ಎಂದು ಸಲ್ಲಿಕೆಯನ್ನು ಗೊತ್ತುಪಡಿಸಲಾಗಿದೆ.

ಇದು ಇಂದಿನ ಅರ್ಥದ ಆದಾಯ ತೆರಿಗೆಯಲ್ಲ. ಆದರೆ ಶಕ್ತ್ಯನುಸಾರ ತೆರಿಗೆ ಎಂಬ ವಿಚಾರ ಈ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಇದು ಸಾಕ್ಷಿ. ಮುಂದೆ 12ನೆಯ ಶತಮಾನದಲ್ಲಿ, ಹುನಗುಂದ ಸೀಮೆಯ ಕೂಡಲಸಂಗಮದೊಂದಿಗೆ ಬದುಕು ಬೆಸೆದುಕೊಂಡಿದ್ದ ಬಸವಣ್ಣ ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದರೆಂಬುದೂ, ದುಡಿದದ್ದರಲ್ಲಿ ಮಿಕ್ಕಿದ್ದು ಸಮಾಜಕ್ಕೆ ಸಲ್ಲಬೇಕೆಂಬ ದಾಸೋಹ ತತ್ತ್ವವನ್ನು ಶರಣರು ಎತ್ತಿಹಿಡಿದರೆಂಬುದೂ ಸ್ಮರಣೀಯ.

1860ರಿಂದ ಇಂದಿನವರೆಗೆ

ಭಾರತದಲ್ಲಿ ಆಧುನಿಕ ಆದಾಯ ತೆರಿಗೆ ಆರಂಭವಾದದ್ದು 1860ರಲ್ಲಿ. 1857ರ ದಂಗೆಯಿಂದ ಬರಿದಾಗಿದ್ದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ ಇದನ್ನು ಜಾರಿಗೆ ತಂದರು. ಆಗಲೇ ಭೂಮಾಲೀಕರಿಂದ, ವರ್ತಕರಿಂದ ತೀವ್ರ ವಿರೋಧ ಬಂತು. 1865ರಲ್ಲಿ ತೆರಿಗೆಯನ್ನು ಕೈಬಿಡಲಾಯಿತು. ಬಳಿಕ ನಾನಾ ರೂಪಗಳಲ್ಲಿ ಮರಳಿ, 1886ರ ಕಾಯ್ದೆಯ ಮೂಲಕ ಅದು ನೆಲೆಯೂರಿತು. ಕೃಷಿ ಆದಾಯಕ್ಕೆ ವಿನಾಯಿತಿ ದೊರೆತದ್ದು ಅದೇ ಕಾಯ್ದೆಯಲ್ಲಿ. 1922ರ ಕಾಯ್ದೆ, 1961ರ ಕಾಯ್ದೆಗಳ ನಂತರ, 2025ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯ್ದೆಯ ಜಾರಿಗೆ 2026ರ ಏಪ್ರಿಲ್ 1ನ್ನು ಗೊತ್ತುಪಡಿಸಲಾಯಿತು. ಕಲಮುಗಳ ಸಂಖ್ಯೆ ಹಾಗೂ ಭಾಷೆ ಬದಲಾದರೂ ತೆರಿಗೆಯ ಮೂಲ ಚೌಕಟ್ಟು ಹೆಚ್ಚಾಗಿ ಹಿಂದಿನದೇ.

ಸ್ವಾತಂತ್ರ್ಯಾನಂತರ ಸಂಪತ್ತಿನ ಮೇಲೂ ತೆರಿಗೆ ಹಾಕುವ ಪ್ರಯೋಗ ನಡೆಯಿತು. 1953ರಲ್ಲಿ ಮೃತರ ಆಸ್ತಿಯ ಮೇಲಿನ ಎಸ್ಟೇಟ್ ಸುಂಕ ಬಂತು. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡಾರ್ 1956ರಲ್ಲಿ ಮಾಡಿದ ಶಿಫಾರಸಿನ ಮೇರೆಗೆ 1957ರಲ್ಲಿ ಸಂಪತ್ತು ತೆರಿಗೆ, 1958ರಲ್ಲಿ ಕೊಡುಗೆ ತೆರಿಗೆ ಜಾರಿಯಾದವು. 1970ರ ದಶಕದ ಆರಂಭದಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಮೇಲ್ತೆರಿಗೆಯೂ ಸೇರಿ ಶೇ. 97.75ಕ್ಕೆ ಮುಟ್ಟಿತ್ತು.

ಕಾಗದದ ಮೇಲೆ ಇದು ಸಮಾನತೆಯ ಪರಮಾವಧಿ. ವಾಸ್ತವ ಹಾಗಿರಲಿಲ್ಲ. ವಾಂಛೂ ಸಮಿತಿಯು 1971ರಲ್ಲಿ, ಅತಿಯಾದ ದರಗಳೇ ಕಪ್ಪುಹಣಕ್ಕೆ ದಾರಿಯಾಗಿವೆ ಎಂದು ಹೇಳಿ, ಗರಿಷ್ಠ ದರವನ್ನು ಶೇ. 75ಕ್ಕೆ ಇಳಿಸಲು ಸೂಚಿಸಿತು. ಅಲ್ಲಿಂದ ದರಗಳು ಇಳಿಮುಖವಾದವು. 1985ರಲ್ಲಿ ಎಸ್ಟೇಟ್ ಸುಂಕ ರದ್ದಾಯಿತು. 1997ರ ಬಜೆಟ್ಟಿನಲ್ಲಿ ಗರಿಷ್ಠ ದರ ಶೇ. 30ಕ್ಕೆ ಬಂತು. 2015ರಲ್ಲಿ ಸಂಪತ್ತು ತೆರಿಗೆಯನ್ನೂ ಕೈಬಿಟ್ಟು, ಅದರ ಬದಲಿಗೆ ವರ್ಷಕ್ಕೆ 1 ಕೋಟಿ ರೂ. ಮೀರಿದ ಆದಾಯದ ಮೇಲೆ ಶೇ. 2ರಷ್ಟು ಹೆಚ್ಚುವರಿ ಮೇಲ್ತೆರಿಗೆ ವಿಧಿಸಲಾಯಿತು. ಐದು ಕೋಟಿ ರೂ. ಮೀರಿದ ಆದಾಯಕ್ಕೆ 2019ರಲ್ಲಿ ಶೇ. 37ರಷ್ಟಾಗಿದ್ದ ಮೇಲ್ತೆರಿಗೆಯು 2023ರಲ್ಲಿ ಹೊಸ ಪದ್ಧತಿಯಡಿ ಶೇ. 25ಕ್ಕೆ ಇಳಿಯಿತು. ಇದರಿಂದ ಅತಿ ಧನಿಕರ ಗರಿಷ್ಠ ದರ ಶೇ. 42.74ರಿಂದ ಶೇ. 39ಕ್ಕೆ ತಗ್ಗಿತು.

ಕೆಳಗಿನವರಿಗೂ ವಿನಾಯಿತಿ ಹೆಚ್ಚಿದೆ ಎಂಬುದನ್ನು ಮರೆಯುವಂತಿಲ್ಲ. 2025ರ ಬಜೆಟ್ಟಿನಂತೆ ಹೊಸ ಪದ್ಧತಿಯಲ್ಲಿ ವಾರ್ಷಿಕ 12 ಲಕ್ಷ ರೂ.ವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆ ಶೂನ್ಯವಾಯಿತು. ಸರ್ಕಾರ ಸಂಸತ್ತಿಗೆ ತಿಳಿಸಿದಂತೆ 2022–23ರಲ್ಲಿ ಸಲ್ಲಿಕೆಯಾದ ಸುಮಾರು 7.4 ಕೋಟಿ ವಿವರಪಟ್ಟಿಗಳಲ್ಲಿ 5.16 ಕೋಟಿ ಶೂನ್ಯ ತೆರಿಗೆಯವು.

ಒಂದೇ ಆದಾಯ, ಮೂರು ತೆರಿಗೆ

ತೆರಿಗೆಯ ನ್ಯಾಯವನ್ನು ತಜ್ಞರು ಎರಡು ಬಗೆಯಲ್ಲಿ ಅಳೆಯುತ್ತಾರೆ. ಹೆಚ್ಚು ಗಳಿಸುವವನು ಹೆಚ್ಚಿನ ಪಾಲು ಕೊಡಬೇಕು ಎಂಬುದು ಒಂದು. ಸಮಾನವಾಗಿ ಗಳಿಸುವವರು ಸಮಾನವಾಗಿ ಕೊಡಬೇಕು ಎಂಬುದು ಇನ್ನೊಂದು. ಎರಡನೆಯ ಅಳತೆಗೋಲನ್ನು ಒಂದು ಉದಾಹರಣೆಯಿಂದ ಪರೀಕ್ಷಿಸಬಹುದು.

ಮೂವರು ವರ್ಷಕ್ಕೆ ತಲಾ 50 ಲಕ್ಷ ರೂ. ಗಳಿಸುತ್ತಾರೆನ್ನೋಣ. ಮೊದಲನೆಯವರದು ಸಂಬಳ. 2025–26ರ ಹೊಸ ಪದ್ಧತಿಯ ದರಗಳಂತೆ ಅವರ ತೆರಿಗೆ, ಉಪಕರವೂ ಸೇರಿ, ಸುಮಾರು 11 ಲಕ್ಷ ರೂ. ಎರಡನೆಯವರದು ವರ್ಷಕ್ಕಿಂತ ಹೆಚ್ಚು ಕಾಲ ಇರಿಸಿಕೊಂಡ ಷೇರುಗಳ ಮಾರಾಟದ ಲಾಭ. 2024ರ ಜುಲೈ 23ರಿಂದ ಇಂಥ ಲಾಭಕ್ಕೆ 1.25 ಲಕ್ಷ ರೂ. ಬಿಟ್ಟು ಉಳಿದದ್ದಕ್ಕೆ ಶೇ. 12.5ರ ದರ. ಅವರು ಕಟ್ಟುವುದು ಸುಮಾರು 5.8 ಲಕ್ಷ ರೂ. ಮೂರನೆಯವರದು ಸಂಪೂರ್ಣ ಕೃಷಿ ಆದಾಯ. ಕೇಂದ್ರಕ್ಕೆ ಅವರು ಕಟ್ಟಬೇಕಾದ ಆದಾಯ ತೆರಿಗೆ ಏನೂ ಇಲ್ಲ.

ಈ ಭೇದಕ್ಕೆ ಸಮರ್ಥನೆಗಳಿವೆ. ಷೇರುದಾರನಿಗೆ ಲಾಭ ಬರುವ ಮುನ್ನವೇ ಕಂಪನಿ ತನ್ನ ತೆರಿಗೆ ಕಟ್ಟಿರುತ್ತದೆ; ಹೂಡಿಕೆಯಲ್ಲಿ ನಷ್ಟದ ಅಪಾಯವಿದೆ; ದೇಶಕ್ಕೆ ಬಂಡವಾಳ ಬೇಕು ಎಂಬುದು ಒಂದು ವಾದ. ಆದರೆ ಕಂಪನಿಗಳ ತೆರಿಗೆಯೂ ಇಳಿದಿದೆ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳ ಮೂಲದರವನ್ನು ಶೇ. 22ಕ್ಕೆ ಇಳಿಸಿತು. ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂ. ಖೋತಾ ಆಗಬಹುದೆಂದು ಸರ್ಕಾರವೇ ಅಂದಾಜಿಸಿತ್ತು. 2018–19ರಲ್ಲಿ ಕಂಪನಿ ತೆರಿಗೆ 6.64 ಲಕ್ಷ ಕೋಟಿ ರೂ., ವ್ಯಕ್ತಿಗಳ ಆದಾಯ ತೆರಿಗೆ 4.73 ಲಕ್ಷ ಕೋಟಿ ರೂ. ಇದ್ದವು. 2023–24ರ ಹೊತ್ತಿಗೆ ಕಂಪನಿ ತೆರಿಗೆ 9.11 ಲಕ್ಷ ಕೋಟಿ, ವ್ಯಕ್ತಿಗಳ ತೆರಿಗೆ 10.45 ಲಕ್ಷ ಕೋಟಿ ರೂ. ಆದವು. ತಕ್ಕಡಿ ಯಾವ ಕಡೆಗೆ ವಾಲಿತು ಎಂಬುದಕ್ಕೆ ಈ ಅಂಕಿಗಳೇ ಸಾಕು.

ಇದಲ್ಲದೆ, ಮಾರಾಟವಾಗದ ಷೇರು, ಭೂಮಿಗಳ ಮೌಲ್ಯ ಎಷ್ಟೇ ಏರಿದರೂ ಅದು ಕಾನೂನಿನ ಕಣ್ಣಿನಲ್ಲಿ ಆದಾಯವಲ್ಲ. ಅತಿ ಧನಿಕರ ಸಂಪತ್ತು ಬೆಳೆಯುವುದು ಬಹುಪಾಲು ಈ ದಾರಿಯಲ್ಲೇ. ತೊಮಾ ಪಿಕೆಟಿ ಮತ್ತಿತರ ಅರ್ಥಶಾಸ್ತ್ರಜ್ಞರು 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2022–23ರಲ್ಲಿ ಭಾರತದ ಮೇಲಿನ ಶೇ. 1ರಷ್ಟು ಜನರ ಪಾಲು ಆದಾಯದಲ್ಲಿ ಶೇ. 22.6, ಸಂಪತ್ತಿನಲ್ಲಿ ಶೇ. 40.1. ಸಂಪತ್ತಿಗೆ ಹೋಲಿಸಿ ನೋಡಿದರೆ ಆದಾಯ ತೆರಿಗೆಯ ಭಾರ ಮೇಲಕ್ಕೆ ಹೋದಂತೆ ಹಗುರಾಗುತ್ತಿರಬಹುದು ಎಂಬುದು ಅವರ ಅಭಿಪ್ರಾಯ.

ಹೊಲದ ನೆರಳಿನಲ್ಲಿ

ಕೃಷಿ ಆದಾಯದ ಪ್ರಶ್ನೆ ಬಾಗಲಕೋಟೆಯಂಥ ಜಿಲ್ಲೆಗೆ ಹತ್ತಿರದ್ದು. ಸಂವಿಧಾನದ ಏಳನೆಯ ಪರಿಶಿಷ್ಟದಂತೆ ಕೃಷಿಯೇತರ ಆದಾಯದ ತೆರಿಗೆ ಕೇಂದ್ರಕ್ಕೆ ಸೇರಿದ್ದು; ಕೃಷಿ ಆದಾಯದ ತೆರಿಗೆ ರಾಜ್ಯಗಳಿಗೆ ಸೇರಿದ್ದು. ಕರ್ನಾಟಕದಲ್ಲಿ 1957ರಲ್ಲೇ ಕೃಷಿ ಆದಾಯ ತೆರಿಗೆ ಕಾಯ್ದೆ ಬಂತಾದರೂ ಅದರ ಕಣ್ಣಿದ್ದದ್ದು ಮುಖ್ಯವಾಗಿ ಕಾಫಿಯಂಥ ತೋಟದ ಬೆಳೆಗಳ ಮೇಲೆ. ಮಳೆಯನ್ನೇ ನೆಚ್ಚಿ ಎರಡು ಮೂರು ಎಕರೆಯಲ್ಲಿ ಜೋಳ, ಸಜ್ಜೆ ಬೆಳೆಯುವ ರೈತನಿಗೆ ಆದಾಯ ತೆರಿಗೆ ಹಾಕಬೇಕೆಂದು ಯಾರೂ ಹೇಳಲಾರರು. ಹಾಕಿದರೂ ವಿನಾಯಿತಿಯ ಮಿತಿಯನ್ನು ಆತ ದಾಟುವುದಿಲ್ಲ.

ತಕರಾರು ಇರುವುದು ಆ ರೈತನ ನೆರಳಿನಲ್ಲಿ ನಿಲ್ಲುವವರ ಬಗ್ಗೆ. ಬೇರೆ ಮೂಲದ ಹಣವನ್ನು ಹೊಲದ ಹುಟ್ಟುವಳಿ ಎಂದು ತೋರಿಸಿದರೆ ಅದು ತೆರಿಗೆಯಿಂದ ಪಾರಾಗುತ್ತದೆ. ಮಹಾಲೇಖಪಾಲರು 2019ರ ವರದಿಯಲ್ಲಿ, ತಾವು ಪರಿಶೀಲಿಸಿದ ಪ್ರಕರಣಗಳ ಪೈಕಿ ಶೇ. 22ಕ್ಕೂ ಹೆಚ್ಚಿನವುಗಳಲ್ಲಿ ಸಾಕಷ್ಟು ದಾಖಲೆ ಪರಿಶೀಲಿಸದೆಯೇ ಕೃಷಿ ವಿನಾಯಿತಿ ನೀಡಲಾಗಿದೆ ಎಂದು ಆಕ್ಷೇಪಿಸಿದ್ದರು. ದೊಡ್ಡ ಹಿಡುವಳಿಗಳ ಮೇಲೆ ತೆರಿಗೆ ಹಾಕಬೇಕೆಂದು ಕೆ.ಎನ್. ರಾಜ್ ಸಮಿತಿ 1972ರಲ್ಲೇ ಹೇಳಿತ್ತು. ಆ ಶಿಫಾರಸಿನ ಒಂದು ಚಿಕ್ಕ ಭಾಗ ಮಾತ್ರ, ಅಂದರೆ ಇತರ ಆದಾಯದ ದರ ನಿಗದಿಗೆ ಕೃಷಿ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುವ ಕ್ರಮ, ಜಾರಿಗೆ ಬಂತು. ಉಳಿದದ್ದಕ್ಕೆ ಯಾವ ಪಕ್ಷದ ಸರ್ಕಾರವೂ ಕೈಹಾಕಲಿಲ್ಲ. ವಿಧಾನಸಭೆಗಳಲ್ಲಿ ಭೂಮಾಲೀಕ ವರ್ಗಗಳಿಗಿದ್ದ ಪ್ರಾಬಲ್ಯವೇ ಇದಕ್ಕೆ ಕಾರಣವೆಂದು ಅಧ್ಯಯನಕಾರರು ಹೇಳುತ್ತ ಬಂದಿದ್ದಾರೆ.

ಸಂಘಟಿತ ದನಿಗೆ ಕಾನೂನು ಹೇಗೆ ಸ್ಪಂದಿಸುತ್ತದೆ ಎಂಬುದಕ್ಕೆ ಸಕ್ಕರೆ ಉದ್ಯಮ ಇನ್ನೊಂದು ಉದಾಹರಣೆ. ಸಹಕಾರಿ ಕಾರ್ಖಾನೆಗಳು ಕಬ್ಬಿಗೆ ಕೊಟ್ಟ ಹೆಚ್ಚುವರಿ ಬೆಲೆಯನ್ನು ಲಾಭವೆಂದು ಪರಿಗಣಿಸಿ ತೆರಿಗೆ ಕೇಳಲಾಗುತ್ತಿತ್ತು. ದಶಕಗಳ ಒತ್ತಾಯದ ನಂತರ, 2023ರ ಬಜೆಟ್ಟಿನಲ್ಲಿ 2016–17ಕ್ಕಿಂತ ಹಿಂದಿನ ಅಂಥ ಪಾವತಿಗಳನ್ನು ಖರ್ಚೆಂದು ಒಪ್ಪಲಾಯಿತು. ಇದರಿಂದ ಸುಮಾರು 10,000 ಕೋಟಿ ರೂ. ಪರಿಹಾರ ದೊರೆಯುವುದೆಂದು ಹಣಕಾಸು ಸಚಿವರು ತಿಳಿಸಿದರು. ಬೇಡಿಕೆ ನ್ಯಾಯವಾದುದೇ ಆಗಿರಬಹುದು. ಆದರೆ ಅದು ದಿಲ್ಲಿಗೆ ಮುಟ್ಟಿದ್ದು ಅದರ ಹಿಂದೆ ಸಂಘಟನೆ ಮತ್ತು ರಾಜಕೀಯ ಬಲ ಇದ್ದುದರಿಂದ.

ನೇಕಾರರ ಮನೆಯ ಲೆಕ್ಕ

ಇಂಥ ಬಲವಿಲ್ಲದವರ ಸ್ಥಿತಿ ಇಳಕಲ್ಲದ ಮಗ್ಗದ ಮನೆಗಳಲ್ಲಿ ಕಾಣುತ್ತದೆ. ಮಗ್ಗದ ಮುಂದೆ ದಿನವಿಡೀ ದುಡಿಯುವ ನೇಕಾರರ ಗಳಿಕೆ ಆದಾಯ ತೆರಿಗೆಯ ಮಿತಿಗಿಂತ ಬಹಳ ಕೆಳಗಿದೆ. ಹಾಗೆಂದು ಅವರು ತೆರಿಗೆ ಕಟ್ಟದವರಲ್ಲ. ಸೀರೆಯ ಮೇಲೆ ಶೇ. 5 ಸರಕು ಮತ್ತು ಸೇವಾ ತೆರಿಗೆ. ಹತ್ತಿಯ ನೂಲಿಗೂ ಶೇ. 5. ಕೃತಕ ರೇಷ್ಮೆಯ ನೂಲಿಗೆ 2025ರ ಸೆಪ್ಟೆಂಬರ್ 22ರವರೆಗೆ ಶೇ. 12ರ ದರವಿದ್ದು, ಬಳಿಕ ಅದು ಶೇ. 5ಕ್ಕೆ ಇಳಿಯಿತು. ವಾರ್ಷಿಕ 40 ಲಕ್ಷ ರೂ. ವಹಿವಾಟಿಗಿಂತ ಕೆಳಗಿರುವ ಸಣ್ಣ ಉತ್ಪಾದಕರಿಗೆ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದವರಿಗೆ ನೂಲಿನ ಮೇಲೆ ಕಟ್ಟಿದ ತೆರಿಗೆ ಮರಳಿ ಸಿಗುವುದಿಲ್ಲ. ಅದು ಸೀರೆಯ ಬೆಲೆಯಲ್ಲೋ ನೇಕಾರರ ಕೂಲಿಯಲ್ಲೋ ಕರಗಿಹೋಗುತ್ತದೆ.

ಸಾಬೂನು, ಮೊಬೈಲ್ ಕರೆನ್ಸಿ, ಸೈಕಲ್ಲುಗಳ ಮೇಲಿನ ತೆರಿಗೆ ಕೂಲಿಕಾರರಿಗೂ ಗಣಿಮಾಲೀಕರಿಗೂ ಒಂದೇ ದರದ್ದು. ಗಳಿಕೆಯೆಲ್ಲವನ್ನೂ ಖರ್ಚು ಮಾಡಲೇಬೇಕಾದ ಬಡವರ ಆದಾಯದಲ್ಲಿ ಈ ತೆರಿಗೆಯ ಪಾಲು ದೊಡ್ಡದು. ಗಳಿಕೆಯ ಬಹುಭಾಗವನ್ನು ಉಳಿಸಬಲ್ಲವರ ಆದಾಯದಲ್ಲಿ ಚಿಕ್ಕದು. ಆದ್ದರಿಂದಲೇ, ದೇಶದಲ್ಲಿ ತೆರಿಗೆ ಕಟ್ಟುವವರು ಬೆರಳೆಣಿಕೆಯ ಮಂದಿ ಎಂಬ ಮಾತು ಆದಾಯ ತೆರಿಗೆಯ ಮಟ್ಟಿಗಷ್ಟೇ ನಿಜ.

ಅದೇ ರೀತಿ, ರಾಜ್ಯಗಳ ಪಾಲಿನ ಪ್ರಶ್ನೆಯನ್ನೂ ವ್ಯಕ್ತಿಗಳ ಪಾಲಿನ ಪ್ರಶ್ನೆಯನ್ನೂ ಬೆರೆಸುವಂತಿಲ್ಲ. 2018ರಿಂದ 2023ರವರೆಗೆ ಬಾದಾಮಿಯ ಶಾಸಕರಾಗಿದ್ದ ಸಿದ್ದರಾಮಯ್ಯ, 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿಯಾಗಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಪ್ರತಿಭಟನೆ ನಡೆಸಿದರು. ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 15ನೆಯ ಹಣಕಾಸು ಆಯೋಗದಿಂದಾಗಿ ಶೇ. 4.713ರಿಂದ ಶೇ. 3.647ಕ್ಕೆ ಇಳಿದದ್ದು ಅವರ ಆಕ್ಷೇಪವಾಗಿತ್ತು. ಅದು ರಾಜ್ಯಗಳ ನಡುವಣ ನ್ಯಾಯದ ಪ್ರಶ್ನೆ. ರಾಜ್ಯಕ್ಕೆ ಹೆಚ್ಚು ಪಾಲು ಬಂದ ಮಾತ್ರಕ್ಕೆ ನೇಕಾರರ ಮತ್ತು ಧನಿಕರ ನಡುವಣ ಹೊರೆಯ ಹಂಚಿಕೆ ಬದಲಾಗುವುದಿಲ್ಲ.

ದೇಣಿಗೆ ಮತ್ತು ದರ

ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ ಎಂದು ಸಂವಿಧಾನದ 265ನೆಯ ವಿಧಿ ಹೇಳುತ್ತದೆ. ಕಾನೂನು ಮಾಡುವವರು ಚುನಾಯಿತರು. ಚುನಾವಣೆಗೆ ಹಣ ಬೇಕು. ಧನಿಕರ ಪ್ರಭಾವ ಒಳಬರುವುದು ಈ ಬಾಗಿಲಿನಿಂದ.

ಕಂಪನಿಗಳ ರಾಜಕೀಯ ದೇಣಿಗೆಯನ್ನು 1969ರಲ್ಲಿ ನಿಷೇಧಿಸಲಾಗಿತ್ತು. 1985ರಲ್ಲಿ ನಿಷೇಧ ತೆರವಾಗಿ, ಸರಾಸರಿ ಲಾಭದ ಶೇ. 5ರ ಮಿತಿ ಬಂತು. 2013ರ ಕಂಪನಿ ಕಾಯ್ದೆಯಲ್ಲಿ ಅದು ಶೇ. 7.5 ಆಯಿತು. 2017ರ ಹಣಕಾಸು ಕಾಯ್ದೆ ಈ ಮಿತಿಯನ್ನೇ ತೆಗೆದುಹಾಕಿ, ಚುನಾವಣಾ ಬಾಂಡ್‌ಗಳಿಗೆ ದಾರಿ ಮಾಡಿತು. ಆದಾಯ ತೆರಿಗೆಯ ದರಗಳನ್ನು ಗೊತ್ತುಪಡಿಸುವುದೂ ಪ್ರತಿ ವರ್ಷದ ಹಣಕಾಸು ಕಾಯ್ದೆಯೇ ಎಂಬುದು ಗಮನಾರ್ಹ. ಹಣಕಾಸು ಮಸೂದೆಯಾಗಿ ಬಂದುದರಿಂದ ಅದನ್ನು ತಿದ್ದುವ ಅಧಿಕಾರ ರಾಜ್ಯಸಭೆಗೆ ಇರಲಿಲ್ಲ.

ಭಾರತೀಯ ಸ್ಟೇಟ್ ಬ್ಯಾಂಕ್ ಮೂಲಕ 2018ರಿಂದ 2024ರ ಜನವರಿವರೆಗೆ ಸುಮಾರು 16,500 ಕೋಟಿ ರೂ. ಮೌಲ್ಯದ ಬಾಂಡ್‌ಗಳು ಮಾರಾಟವಾದವು. ಕೊಟ್ಟವರಾರು, ಪಡೆದವರಾರು ಎಂಬುದು ಮತದಾರರಿಗೆ ತಿಳಿಯುತ್ತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಈ ಯೋಜನೆಯನ್ನೂ ಕಂಪನಿ ದೇಣಿಗೆಯ ಮಿತಿ ತೆಗೆದ ತಿದ್ದುಪಡಿಯನ್ನೂ ಅಸಾಂವಿಧಾನಿಕವೆಂದು ರದ್ದುಪಡಿಸಿತು. ಹಣಕ್ಕೂ ರಾಜಕಾರಣಕ್ಕೂ ಇರುವ ಗಾಢ ನಂಟಿನಿಂದಾಗಿ ಆರ್ಥಿಕ ಅಸಮಾನತೆಯು ರಾಜಕೀಯ ಅಸಮಾನತೆಗೂ ಎಡೆಗೊಡುತ್ತದೆ ಎಂಬುದು ತೀರ್ಪಿನ ಒಂದು ಮುಖ್ಯ ತರ್ಕವಾಗಿತ್ತು.

ಬಾಂಡ್‌ಗಳು ಹೋದರೂ ತೆರಿಗೆ ಕಾನೂನು ಮತ್ತು ದೇಣಿಗೆಯ ನಂಟು ಮುರಿದಿಲ್ಲ. ನಿಯಮಗಳನ್ನು ಪಾಲಿಸುವ ರಾಜಕೀಯ ಪಕ್ಷಗಳ ಆದಾಯಕ್ಕೆ ತೆರಿಗೆ ವಿನಾಯಿತಿ ಇದೆ. ನಗದಲ್ಲದ ರೂಪದಲ್ಲಿ ಪಕ್ಷಕ್ಕೆ ಕೊಟ್ಟ ದೇಣಿಗೆಯಷ್ಟೂ ಮೊತ್ತವನ್ನು ದಾನಿಗಳು ಆದಾಯದಿಂದ ಕಳೆಯಲು 1961ರ ಕಾಯ್ದೆ ಅವಕಾಶ ಕೊಟ್ಟಿತ್ತು. ಹೊಸ ಪದ್ಧತಿ ಆಯ್ದುಕೊಂಡವರಿಗೆ ಈ ಸೌಲಭ್ಯವಿಲ್ಲ. ಉಳಿದವರ ಮಟ್ಟಿಗೆ ಇದರ ಅರ್ಥ ಸರಳ: ಶೇ. 30ರ ದರದವರು ಒಂದು ಲಕ್ಷ ರೂ. ದೇಣಿಗೆ ಕೊಟ್ಟರೆ ಅದರಲ್ಲಿ ಸುಮಾರು 30 ಸಾವಿರ ರೂ. ಬೊಕ್ಕಸಕ್ಕೆ ಬರಬೇಕಿದ್ದ ಹಣ. ತೆರಿಗೆಯ ಮಿತಿಯೊಳಗಿನ ನೇಕಾರರು ನೂರು ರೂಪಾಯಿ ಕೊಟ್ಟರೆ ಅದಷ್ಟೂ ಅವರ ಕೈಯದೇ.

ಅಭ್ಯರ್ಥಿಗಳ ಆಸ್ತಿಯೂ ಇದೇ ಕಥೆಯನ್ನು ಹೇಳುತ್ತದೆ. 2023ರ ಚುನಾವಣೆಯಲ್ಲಿ ಕರ್ನಾಟಕದ ವಿಧಾನಸಭೆಗೆ ಆಯ್ಕೆಯಾದವರಲ್ಲಿ ಶೇ. 97ರಷ್ಟು ಮಂದಿ ಕೋಟ್ಯಧಿಪತಿಗಳೆಂದು, ಅವರ ಪ್ರಮಾಣಪತ್ರಗಳನ್ನು ಪರಿಶೀಲಿಸಿದ ಪ್ರಜಾಸತ್ತಾತ್ಮಕ ಸುಧಾರಣೆಗಳ ಸಂಘ ತಿಳಿಸಿತ್ತು. ಸರಾಸರಿ ಆಸ್ತಿ 64 ಕೋಟಿ ರೂ. ಮೀರಿತ್ತು. ವಿಧಾನಸಭಾ ಅಭ್ಯರ್ಥಿಯ ಖರ್ಚಿಗೆ 2022ರಲ್ಲಿ ಗೊತ್ತುಪಡಿಸಿದ ಮಿತಿ 40 ಲಕ್ಷ ರೂ. ಮಾತ್ರ.

ಸಂಪತ್ತು ಆಡಳಿತವನ್ನೇ ಆವರಿಸಿದರೆ ಏನಾಗುತ್ತದೆ ಎಂಬುದನ್ನು ರಾಜ್ಯ ಬಳ್ಳಾರಿಯಲ್ಲಿ ಕಂಡಿದೆ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈನಲ್ಲಿ ಸಲ್ಲಿಸಿದ ವರದಿಯು ಅಕ್ರಮ ಅದಿರು ಸಾಗಣೆಯಿಂದ ಬೊಕ್ಕಸಕ್ಕೆ ಸಾವಿರಾರು ಕೋಟಿ ರೂ. ನಷ್ಟವಾಗಿದೆ ಎಂದು ಹೇಳಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆಗೆ ತಡೆ ನೀಡಿತು.

ಪರಿಹಾರಗಳು, ಅವುಗಳ ಮಿತಿ

ಹತ್ತು ಕೋಟಿ ರೂ. ಮೀರಿದ ನಿವ್ವಳ ಸಂಪತ್ತಿನ ಮೇಲೆ ವರ್ಷಕ್ಕೆ ಶೇ. 2 ತೆರಿಗೆ ಹಾಕಬೇಕೆಂಬುದು ಪಿಕೆಟಿ ಮತ್ತಿತರರ ಸಲಹೆ. ಶತಕೋಟಿ ಡಾಲರ್ ಒಡೆಯರ ಮೇಲೆ ಇಂಥದೇ ತೆರಿಗೆಯ ವಿಚಾರ 2024ರಲ್ಲಿ ಬ್ರೆಜಿಲ್ ಅಧ್ಯಕ್ಷತೆಯ ಜಿ-20 ಕೂಟದಲ್ಲೂ ಚರ್ಚೆಯಾಯಿತು. ಆಸ್ತಿಯ ಮೌಲ್ಯ ಕಟ್ಟುವುದು ಕಷ್ಟ, ಬಂಡವಾಳ ಹೊರದೇಶಕ್ಕೆ ಹೋದೀತು, ಸಂಗ್ರಹಕ್ಕಿಂತ ಖರ್ಚೇ ಹೆಚ್ಚಾದೀತು ಎಂಬುದು ವಿರೋಧಿಗಳ ವಾದ. ಭಾರತದ ಸಂಪತ್ತು ತೆರಿಗೆ ರದ್ದಾಗುವ ಮುನ್ನ, 2013–14ರಲ್ಲಿ, ತಂದದ್ದು ಸುಮಾರು 1,008 ಕೋಟಿ ರೂ. ಮಾತ್ರ. ವಿರೋಧಿಗಳು ಇದನ್ನು ತೆರಿಗೆಯ ಸೋಲೆಂದು ಓದಿದರೆ, ಪ್ರತಿಪಾದಕರು ಷೇರುಗಳನ್ನೇ ಹೊರಗಿಟ್ಟ ಕಾನೂನಿನ ಸೋಲೆಂದು ಓದುತ್ತಾರೆ.

ದರಗಳ ಕುರಿತು ಒಮ್ಮತ ಮೂಡದಿದ್ದರೂ, ಪಾರದರ್ಶಕತೆಯ ಕುರಿತು ಮೂಡಬಹುದು. ದೊಡ್ಡ ಮೊತ್ತದ ಕೃಷಿ ಆದಾಯದ ಕಡ್ಡಾಯ ತಪಾಸಣೆ, ದೇಣಿಗೆಗಳ ತ್ವರಿತ ಪ್ರಕಟಣೆ ಇವಕ್ಕೆ ಹೊಸ ತೆರಿಗೆ ಬೇಕಿಲ್ಲ. ಅಭ್ಯರ್ಥಿಗಳು ತಮ್ಮ ಹಾಗೂ ಕುಟುಂಬದವರ ಆಸ್ತಿಯ ಜೊತೆಗೆ, ವಿವರಪಟ್ಟಿಗಳಲ್ಲಿ ತೋರಿಸಿದ ಐದು ವರ್ಷಗಳ ಆದಾಯವನ್ನೂ ಪ್ರಮಾಣಪತ್ರದಲ್ಲಿ ಘೋಷಿಸಬೇಕೆಂಬ ನಿಯಮ 2019ರಿಂದ ಇದೆ. ಆ ಪತ್ರಗಳು ಚುನಾವಣಾ ಆಯೋಗದ ಅಂತರ್ಜಾಲ ತಾಣದಲ್ಲಿ ಯಾರಿಗೂ ಲಭ್ಯ. ಆಸ್ತಿ ಏರಿದ ಪ್ರಮಾಣ ಮತ್ತು ಘೋಷಿತ ಆದಾಯವನ್ನು ಹೋಲಿಸಲು ಮತದಾರರಿಗೆ ಯಾರ ಅನುಮತಿಯೂ ಬೇಕಿಲ್ಲ.

ಪೊರಿಗೆರೆಯ ಶಾಸನವನ್ನು ಊರಿನವರೆಲ್ಲರೂ ಕಾಣುವಂತೆ ಕಲ್ಲಿನ ಮೇಲೆ ಕೊರೆಯಲಾಗಿತ್ತು. ಯಾವ ದರ್ಜೆಯ ಮನೆ ಎಷ್ಟು ಕೊಡಬೇಕೆಂಬುದು ಗುಟ್ಟಿನ ವಿಷಯವಾಗಿರಲಿಲ್ಲ. ಬನಶಂಕರಿಯ ಜಾತ್ರೆಯಲ್ಲಿ ಸೀರೆ ಮಾರುವವರು ತಾವು ಕಟ್ಟಿದ ಶೇ. 5ನ್ನು ಇಂದು ರಸೀದಿಯಲ್ಲಿ ಕಾಣಬಲ್ಲರು. ತಮಗಿಂತ ಸಾವಿರ ಪಟ್ಟು ಉಳ್ಳವರು ಎಷ್ಟು ಕಟ್ಟಿದರು, ಯಾವ ಪಕ್ಷಕ್ಕೆ ಎಷ್ಟು ಕೊಟ್ಟರು ಎಂಬುದೂ ಅಷ್ಟೇ ಸ್ಪಷ್ಟವಾಗಿ ಕಾಣುವವರೆಗೆ ತೆರಿಗೆಯ ನ್ಯಾಯದ ಚರ್ಚೆ ಅಪೂರ್ಣವಾಗಿಯೇ ಉಳಿಯುತ್ತದೆ.